ಎಡಗಾಲಿನ ಮೇಲಿನ ದೂರು

ಕಾರಿನಿಂದ ಸುಟ್ಟ ವಾಸನೆ ಬಂದ ದಿನ ಆ ಮನೆಯಲ್ಲಿ ಯಾರೂ ಕಾರಿನ ಕಡೆ ನೋಡಲಿಲ್ಲ. ಎಲ್ಲರೂ ಕುಸುಮಳ ಎಡಗಾಲಿನ ಕಡೆ ನೋಡಿದರು.

ಸದಲಗಾದ ಆ ಓಣಿಯಲ್ಲಿ ಜೈನರ ಮನೆಗಳೇ ಹೆಚ್ಚು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ದೀಪ ಹಚ್ಚಿದ ಮೇಲೆ ತುತ್ತು ಮುಟ್ಟುವಂತಿಲ್ಲ. ಅಂದು ಚಿಕ್ಕೋಡಿಯಿಂದ ಬರುವಾಗ ಏರಿನಲ್ಲಿ ಕಾರು ಒದರಿತೇ ಹೊರತು ಮುಂದೆ ಸರಿಯಲಿಲ್ಲ. ಎಕ್ಸಲರೇಟರ್ ಒತ್ತಿದಷ್ಟೂ ಎಂಜಿನ್ ಬೊಬ್ಬೆ ಹೊಡೆಯಿತು, ಗಾಲಿಗಳು ಮಾತ್ರ ತಮಗೆ ಸಂಬಂಧವೇ ಇಲ್ಲದಂತೆ ಉರುಳಿದವು. ನಿಲ್ಲಿಸಿ, ಆರಿಸಿ, ಮತ್ತೆ ಹೊರಡಿಸಿ ಕುಸುಮ ಮನೆ ಮುಟ್ಟುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತ್ತು. ಅತ್ತೆ ಗಂಗೂಬಾಯಿ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು, ಮುಚ್ಚಿಟ್ಟಿದ್ದ ತಾಟನ್ನು ಎತ್ತಿಕೊಂಡಳು.

"ಹೊತ್ತ ಮುಣಗೇತಿ. ಇನ್ನ ನಾಳೆ ಮುಂಜಾನೇಕ ನೋಡು."

ತಾಟಿನಲ್ಲಿ ಮಡಕಿಕಾಳಿನ ಉಸಳಿ ಇತ್ತು, ಮೆತ್ತನೆಯ ರೊಟ್ಟಿ ಇತ್ತು. ಮಧ್ಯಾಹ್ನದಿಂದ ಬರೀ ಒಂದು ಚಹಾದ ಮೇಲಿದ್ದ ಕುಸುಮ ಅದು ಒಳಗೆ ಹೋಗುವುದನ್ನು ನೋಡಿದಳು.

ಮಾವ ಭಾವುಸಾಹೇಬ ಕಟ್ಟೆಯ ಮೇಲೆ ಕೂತು ಮೂಗು ಅರಳಿಸಿದ. "ಕ್ಲಚ್ ಸುಟ್ಟೈತಿ. ಪೆಡಲ್ ಮ್ಯಾಲ ಕಾಲ ಇಟಗೊಂಡ ಹೊಡದ್ರ ಇನ್ನೇನ ಆಗತೈತಿ?"

"ಕಾಲ ಇಟಗೊಂಡಿಲ್ರಿ ಮಾಮಾ. ಗೇರ್ ಹಾಕೂ ಮುಂದ ಅಷ್ಟ ಒತ್ತತೀನಿ."

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಳಂತ."

"ನೆಲಾನ ಡೊಂಕ ಇದ್ರ ಏನ ಅನ್ಬೇಕ್ರಿ?"

"ಕೇಳಿದಿ ಏನ ಪಾರಿಸ? ನಿನ್ನ ಹೇಂತಿ ಬಾಯಿ ಕೇಳಿದಿ?"

ಪಾರಿಸ ಕೇಳಿದ್ದ. ಕೇಳಿಯೂ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಅವನು ಡೇರಿಯಲ್ಲಿ ಹಾಲು ಅಳೆಯುವ ಮನುಷ್ಯ. ಮನೆಯಲ್ಲಿ ಯಾರ ತೂಕ ಹೆಚ್ಚು ಎಂದು ಹೇಳುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ.

ಆ ಕಾರು ಬಿಳಿ ಮಾರುತಿ. ಬೆಲ್ಲದ ಗಾಣ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಭಾವುಸಾಹೇಬ ಇಚಲಕರಂಜಿಯಿಂದ ಹಳೆಯದನ್ನೇ ತಂದಿದ್ದ. ಕಬ್ಬೆಲ್ಲ ಕಾರ್ಖಾನೆಗೆ ಹೋಗತೊಡಗಿ ಗಾಣ ನಿಂತಿತು, ಕಾರಿನ ಮೇಲೆ ಪಕ್ಕದ ಓಣಿಯ ಕೋಳಿ ಕೂತವು. ಕೋಳಿ ಓಡಿಸಿ, ತೊಳೆದು, ಚಿಕ್ಕೋಡಿಯಲ್ಲಿ ಡ್ರೈವಿಂಗ್ ಕಲಿತು ಅದಕ್ಕೆ ಜೀವ ಕೊಟ್ಟವಳು ಕುಸುಮ. ಮಗಳು ಪೂನಮ ಕಾಲೇಜಿಗೆ ಹೋದ ಮೇಲೆ ಅವಳು ಓಣಿಯ ಹೆಂಗಸರನ್ನು ಕೂಡಿಸಿ ಕಡಕ್ ರೊಟ್ಟಿ ಮಾಡಿಸತೊಡಗಿದ್ದಳು. ನಿಪ್ಪಾಣಿಯ ಒಂದು ಹಾಸ್ಟೆಲಿಗೆ, ಚಿಕ್ಕೋಡಿಯ ಅಂಗಡಿಗಳಿಗೆ ಅವಳೇ ಒಯ್ಯುತ್ತಿದ್ದಳು. ಕಡಕ್ ರೊಟ್ಟಿ ಹಪ್ಪಳದಂತಹ ನಾಜೂಕು ಮಾಲು. ಬಸ್ಸಿನ ನೂಕಾಟದಲ್ಲಿ ಒಯ್ದರೆ ಪುಡಿ, ಬೈಕಿನ ಮೇಲೆ ಒಯ್ದರೆ ಚೂರು. ಕಾರಿದ್ದರೆ ಮಾತ್ರ ಆ ದಂಧೆ.

ಮರುದಿನ ಕಾರನ್ನು ಜ್ಞಾನದೇವನ ಗ್ಯಾರೇಜಿಗೆ ಎಳೆದೊಯ್ದರು. ಅವನು ಕ್ಲಚ್ ಪ್ಲೇಟ್ ಬಿಚ್ಚಿ ಎತ್ತಿ ತೋರಿಸಿದ. ರೊಟ್ಟಿ ಹೊತ್ತಿ ಕರಕಾದ ಹಾಗಿತ್ತು.

"ಕಾಕಾ, ಹೆಣ್ಮಕ್ಕಳ ಕೈಯಾಗಿನ ಗಾಡಿದು ಇದ ಹಣೆಬರಾ. ಎಡಗಾಲ ಕ್ಲಚ್ ಬಿಟ್ಟ ಏಳಂಗಿಲ್ಲ," ಎಂದು ಭಾವುಸಾಹೇಬನಿಗೆ ಹೇಳಿದ, ಕುಸುಮ ಪಕ್ಕದಲ್ಲೇ ನಿಂತಿದ್ದರೂ.

"ನೀವು ನೋಡೀರೇನು?" ಕುಸುಮ ಮುಂದೆ ಬಂದಳು. "ನನ್ನ ಕಾಲ ಎಲ್ಲಿರತೈತಿ ಅಂತ ಗಾಡ್ಯಾಗ ಕುಂತ ನೋಡೀರೇನು, ಜ್ಞಾನದೇವಣ್ಣಾ?"

"ಸಿಟ್ಟಾಗಬ್ಯಾಡ್ರಿ ವೈನಿ. ನಾ ಎಲ್ಲಾರ ಬಗ್ಗೆ ಹೇಳಿದ್ನಿ."

"ಎಲ್ಲಾರ ಗಾಡಿ ಇಲ್ಲಿ ನಿಂತಿಲ್ಲ. ನಂದ ನಿಂತೈತಿ."

ಭಾವುಸಾಹೇಬ ಕೈಯೆತ್ತಿದ. "ಸಾಕ ಮಾಡು. ಹೊಸಾ ಪ್ಲೇಟ್ ಹಾಕೋ ಜ್ಞಾನದೇವಾ."

ಊರಲ್ಲಿ ಮಾತಿಗೆ ರೆಕ್ಕೆ ಬೇಕಿಲ್ಲ, ಬಾಯಿದ್ದರೆ ಸಾಕು. ಸಂಜೆ ರೊಟ್ಟಿ ಬಡಿಯಲು ಬಂದ ಸುಗಂಧಾ ಹಿಟ್ಟಿನ ಕೈ ಸೊಂಟಕ್ಕಿಟ್ಟು, "ವೈನಿ, ನಾಳಿಂದ ಎಡಗಾಲ ಮನ್ಯಾಗ ಬಿಟ್ಟ ಹೋಗ್ರಿ, ನಾವ ಕಾಯತೇವಿ," ಎಂದಳು. ಹೆಂಗಸರೆಲ್ಲ ನಕ್ಕರು. ಕುಸುಮ ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ಅರಿವೆಯಿಂದ ಎಷ್ಟು ಜೋರಾಗಿ ಒತ್ತಿದಳೆಂದರೆ ಅದು ಮುರಿದೇ ಹೋಯಿತು.

ಹೊಸ ಪ್ಲೇಟಿನ ಮೇಲೆ ಕಾರು ಬಾಣದಂತೆ ಹೋಯಿತು. ಪೆಡಲು ಕೂಡ ಬೇರೆಯಾಗಿತ್ತು. ಮೊದಲೆಲ್ಲ ಕಾಲಿಟ್ಟ ಕೂಡಲೇ ಭಾರ ಸಿಗುತ್ತಿತ್ತು. ಈಗ ಎರಡು ಬೆರಳಿನಷ್ಟು ಖಾಲಿ ಹೋಗಿ ಆಮೇಲೆ ಭಾರ ಸಿಗುತ್ತಿತ್ತು. ಹೊಸದಲ್ಲವೇ, ಇರಬಹುದು ಎಂದು ಕುಸುಮ ಸುಮ್ಮನಾದಳು.

ಕೆಲವು ವಾರ ಕಳೆಯುವಷ್ಟರಲ್ಲಿ ಆ ಖಾಲಿ ಜಾಗ ಮಾಯವಾಯಿತು. ಕಾಲಿಟ್ಟರೆ ಮೇಲಿನಿಂದಲೇ ಬಿಗಿ. ಅದರ ಹಿಂದೆಯೇ ಮತ್ತೆ ಅದೇ ಒದರಾಟ, ಅದೇ ವಾಸನೆ.

ಈ ಸಲ ಭಾವುಸಾಹೇಬ ಜಗಳವನ್ನೇ ಆಡಲಿಲ್ಲ. ಊಟದ ನಡುವೆ ಎಡಗೈ ಚಾಚಿದ.

"ಚಾವಿ ಕೊಡು."

"ಯಾಕ್ರಿ?"

"ತಿಂಗಳಿಗೊಂದ ಪ್ಲೇಟ್ ತಿನ್ನೂ ಗಾಡಿ ನನಗ ಬ್ಯಾಡ. ಇನ್ನ ನೀ ಅದನ್ನ ಮುಟ್ಟಬ್ಯಾಡ."

"ನಾಳೆ ನಿಪ್ಪಾಣಿಗೆ ರೊಟ್ಟಿ ಹೋಗಬೇಕ್ರಿ."

"ಪಾರಿಸನ ಬೈಕ್ ಐತಿ."

ಪೂನಮ ತಾಟಿನಿಂದ ತಲೆ ಎತ್ತಿದಳು. "ಅಜ್ಜಾ, ಬೈಕ್ ಮ್ಯಾಲ ಒಯ್ದ್ರ ರೊಟ್ಟಿ ಉಳಿಯಂಗಿಲ್ಲ."

"ನೀ ಉಣ್ಣು."

ಕುಸುಮ ಗಂಡನ ಮುಖ ನೋಡಿದಳು. ಪಾರಿಸ ಮಜ್ಜಿಗೆ ಸುರುವಿಕೊಂಡ. ಚಾವಿ ಮಾವನ ಅಂಗಿಯ ಕಿಸೆಗೆ ಹೋಯಿತು.

ಮರುದಿನ ಪಾರಿಸ ಡಬ್ಬಿಗಳನ್ನು ಹಿಂದೆ ಕಟ್ಟಿಕೊಂಡು ಹೋದ. ಬೋರಗಾಂವಿನ ರಸ್ತೆಯ ಗುಂಡಿಗಳು ತಮ್ಮ ಕೆಲಸ ಮಾಡಿದವು. ಹಾಸ್ಟೆಲಿನ ಅಡುಗೆಯವ ಕಾಕಾಸಾಹೇಬ ಮುಚ್ಚಳ ತೆಗೆದು ಒಳಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದು ತೋರಿಸಿದನಂತೆ. "ಇವು ರೊಟ್ಟಿ ಏನ ಚುರುಮುರಿ?" ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ಹೇಳುತ್ತೇನೆ ಎಂದು ಡಬ್ಬಿಗಳನ್ನು ವಾಪಸು ಕಳಿಸಿದನಂತೆ.

"ಅಂವಂಗ ನೀವೇನ ಅಂದ್ರಿ?" ಕುಸುಮ ಕೇಳಿದಳು.

"ಏನ ಅನ್ನಬೇಕು? ಚೂರಾಗಿದ್ದು ಖರೇ ಇತ್ತಲ್ಲಾ."

"ಮನ್ಯಾಗ ಮಾತಾಡಂಗಿಲ್ಲ, ಹೊರಗ ಮಾತಾಡಂಗಿಲ್ಲ. ದೇವರ ನಿಮಗ ಬಾಯಿ ಯಾತಕ್ಕ ಕೊಟ್ಟಾನ, ಬರೇ ಉಣ್ಣಾಕೇನು?"

"ಅಪ್ಪಾ ಹೇಳೂದ್ರಾಗೂ ಏನರ ಇದ್ದೀತು ಕುಸುಮಾ. ಎರಡ ಸಲಾ ಸುಡತಂದ್ರ..."

"ಅನ್ರಿ. ಪೂರಾ ಅನ್ರಿ."

ಪಾರಿಸ ಪೂರಾ ಅನ್ನಲಿಲ್ಲ. ಆದರೆ ಅರ್ಧ ಅಂದದ್ದೇ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಹಿಂದೆ ಸರಿದರೆ ಓಣಿಯ ಹೆಂಗಸರ ಕೈಕೆಲಸ ಹೋಗುತ್ತದೆ, ಎರಡು ಪ್ಲೇಟ್ ಸುಟ್ಟವಳು ಎಂಬ ಹೆಸರು ಮಾತ್ರ ಅವಳ ಪಾಲಿಗೆ ಉಳಿಯುತ್ತದೆ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬಡಿದು ಬಡಿದು ತೊಳೆದಳು. ತೊಳೆಯುತ್ತಲೇ ಆ ಪೆಡಲು ನೆನಪಾಯಿತು. ಖಾಲಿ ಇದ್ದದ್ದು ಬಿಗಿಯಾದದ್ದು ಹೇಗೆ? ಅವಳ ಕಾಲು ಪೆಡಲನ್ನು ಸವೆಸಬಹುದು, ಬಿಗಿ ಮಾಡಲಾರದು.

"ಪೂನಮಾ, ಮೊಬೈಲ್ ತಗೊಂಡ ಬಾ ಇಲ್ಲಿ."

ಕಾರಿನ ಎಡಬಾಗಿಲಿಗೆ ಬೀಗ ಬೀಳುವುದು ನಿಂತು ಬಹಳ ಕಾಲವಾಗಿತ್ತು. ಚಾವಿ ಇಲ್ಲದೆಯೇ ತಾಯಿ-ಮಗಳು ಬಾನೆಟ್ ಎತ್ತಿದರು. ಪೂನಮ ಮೊಬೈಲಿನಲ್ಲಿ ಹುಡುಕಿ ಓದುತ್ತ ಹೋದಳು.

"ಅವ್ವಾ, ಪೆಡಲ್ ಕೈಯಿಂದ ಒತ್ತಿ ನೋಡು. ಮೊದಲ ಸ್ವಲ್ಪ ಖಾಲಿ ಹೋಗಬೇಕಂತ. ಅದಕ್ಕ ಪ್ಲೇ ಅಂತಾರ."

"ಖಾಲಿ ಇಲ್ಲ. ಎಮ್ಮಿ ಕೆಚ್ಚಲಾ ಬಿಗದಂಗ ಐತಿ."

"ಹಂಗಿದ್ರ ವಾಯರ್ ಕ್ಲಚ್ಚನ್ನ ಯಾವಾಗಲೂ ಒಂದೀಟು ಜಗ್ಗಿ ಹಿಡದಿರತೈತಿ. ನೀ ಕಾಲ ಇಡದಿದ್ರೂ ಅದು ಅರ್ಧ ಒತ್ತಿದಂಗ. ಪ್ಲೇಟ್ ಪೂರಾ ಕಚ್ಚಂಗಿಲ್ಲ, ಜಾರತೈತಿ, ಸುಡತೈತಿ."

 ಕುಸುಮ ಬಗ್ಗಿ, ಗೇರ್ ಪೆಟ್ಟಿಗೆಯ ಹತ್ತಿರ ಕ್ಲಚ್ ವಾಯರಿನ ತುದಿ ಹುಡುಕಿದಳು. ತುದಿಯಲ್ಲಿ ತಿರುಪಿನ ಹಲ್ಲುಗಳ ಸಣ್ಣ ಸಲಾಕೆ, ಅದರ ಮೇಲೆ ನಟ್ಟು. ಸಲಾಕೆ ಹೊರಗೆ ಕಿರುಬೆರಳಿನಷ್ಟು ಚಾಚಿಕೊಂಡಿತ್ತು. ಸುತ್ತ ಎಲ್ಲವೂ ಎಣ್ಣೆ, ಮಣ್ಣು. ನಟ್ಟು ಮೊದಲು ಕೂತಿದ್ದ ಜಾಗ ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಯಾರೋ ಅದನ್ನು ತಿರುಗಿಸಿ ಒಳಗೆ ಒಯ್ದಿದ್ದರು, ಈಚೆಗೇ.

ಕೈಯ ಮಸಿಯನ್ನೂ ಒರೆಸಿಕೊಳ್ಳದೆ ಒಳಗೆ ಹೋದಳು. ಮಾವ ಹಾಸಿಗೆಯ ಮೇಲೆ ಕಾಲು ಚಾಚಿದ್ದ, ಅತ್ತೆ ಶೇಂಗಾ ಸುಲಿಯುತ್ತಿದ್ದಳು.

"ಅತ್ತಿ, ಈ ಮನ್ಯಾಗ ಕಾರಿನ ಬಾನೆಟ್ ಯಾರ ಎತ್ತತಾರ?"

"ಇನ್ಯಾರ? ಇವರ," ಎಂದಳು ಗಂಗೂಬಾಯಿ, ಹೆಮ್ಮೆಯಿಂದಲೇ. "ನೀ ಮುಂಜಾನೆ ಹಿತ್ತಲದಾಗ ಹಿಟ್ಟ ನಾದೂ ಮುಂದ ನಟ್ಟ ತಿರುವೂ ಪಾನಾ ತಗೊಂಡ ಹೋಗತಾರ. ಒಂದೀಟು ಬಿಗಿ ಮಾಡಿ ಬರತಾರ. ಗಾಡಿ ಕಾಳಜಿ ಯಾರಿಗರ ಇರಬೇಕಲ್ಲ?"

"ಮಾಮಾ, ನೀವ ಬಿಗಿ ಮಾಡೀರಿ?"

"ಹೌದು, ಮಾಡೀನಿ." ಭಾವುಸಾಹೇಬ ಎದ್ದು ಕೂತ. "ಆ ಜ್ಞಾನದೇವ ಪ್ಲೇಟ್ ಹೊಸಾದ ಹಾಕಿ ವಾಯರ್ ಸಡ್ಲ ಬಿಟ್ಟಿದ್ದ. ಕಾಲಿಟ್ರ ಭುಸ್ ಅಂತ ಖಾಲಿ ಹೋಗತಿತ್ತು. ಬಿಗಿ ಮಾಡಿದ್ನಿ. ಆಮ್ಯಾಲ ನೀ ಹೊಡದ ಹೊಡದ ಜಾರಾಕ ಹತ್ತಿತು, ಮತ್ತಷ್ಟ ಬಿಗಿ ಮಾಡಿದ್ನಿ."

"ಜಾರಿದ್ರ ಬಿಗಿ ಮಾಡತಾರೇನ್ರಿ?"

"ಮತ್ತ ಏನ ಮಾಡತಾರ? ನನ್ನ ಗಾಣದಾಗ ಎಂಜಿನ್ನಿಗೆ ಬೆಲ್ಟಿನ ಪಟ್ಟಾ ಇತ್ತು. ಪಟ್ಟಾ ಜಾರಿದ್ರ ಕಬ್ಬ ಅರಿಯಂಗಿಲ್ಲ. ಬಿಗಿ ಮಾಡಿದ್ರ ಅರಿತಿತ್ತು. ಹುಟ್ಟಿದಾಗಿಂದ ಮಾಡೇನಿ ಅದನ್ನ. ನೀ ನನಗ ಕಲಸ್ತಿ?"

"ಇದು ಪಟ್ಟಾ ಅಲ್ರಿ! ಪಟ್ಟಾ ಬಿಗಿ ಮಾಡಿದ್ರ ಹಿಡಿತೈತಿ. ಕ್ಲಚ್ ವಾಯರ್ ಬಿಗಿ ಮಾಡಿದ್ರ ಬಿಡತೈತಿ. ನೀವ ಸುಟ್ಟೀರಿ. ಎರಡೂ ನೀವ ಸುಟ್ಟೀರಿ!"

"ಬಾಯಿ ಮುಚ್ಚ!"

"ಮುಚ್ಚಂಗಿಲ್ರಿ. ಓಣಿ ತುಂಬ ನನ್ನ ಕಾಲಿನ ಹೆಸರ ಹಾಡೀರಿ ನೀವು."

ಗಂಗೂಬಾಯಿ ಶೇಂಗಾದ ಬುಟ್ಟಿ ಎತ್ತಿಕೊಂಡು ಎದ್ದಳು. "ಇಬ್ಬರೂ ಹೊರಗ ಹೋಗಿ ಬಡದಾಡ್ರಿ. ನನ್ನ ಶೇಂಗಾ ಚೆಲ್ಲತಾವ."

ಅಲ್ಲಿಂದ ಆ ಮನೆಯಲ್ಲಿ ನಟ್ಟಿನ ಕದನ ಸುರುವಾಯಿತು. ಮಧ್ಯಾಹ್ನ ಮಾವ ಮಲಗಿದಾಗ ಕುಸುಮ ಪೂನಮಳನ್ನು ಕಾವಲಿಗೆ ನಿಲ್ಲಿಸಿ ನಟ್ಟು ಸಡಿಲಿಸುತ್ತಿದ್ದಳು. ಬೆಳಗ್ಗೆ ಅವಳು ಹಿಟ್ಟು ನಾದುವಾಗ ಭಾವುಸಾಹೇಬ ಹೋಗಿ ಬಿಗಿಯುತ್ತಿದ್ದ. ಕಾರು ನಿಂತಲ್ಲೇ ನಿಂತಿತ್ತು. ಅದರ ಹೊಟ್ಟೆಯಲ್ಲಿ ನಟ್ಟು ಮಾತ್ರ ಹಿಂದೆ ಮುಂದೆ ಓಡಾಡುತ್ತಿತ್ತು. ಕೊನೆಗೆ ಮುದುಕ ಪಾನಾವನ್ನೇ ದಿಂಬಿನ ಕೆಳಗಿಟ್ಟು ಮಲಗತೊಡಗಿದ. ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಇಬ್ಬರೂ ಪೂನಮಳ ಮುಖಾಂತರವೇ ಮಾತಾಡುತ್ತಿದ್ದರು.

"ನಿಮ್ಮ ಅಜ್ಜಗ ಹೇಳು, ಸಾರಿನ್ಯಾಗ ಉಪ್ಪ ಐತಿ ಅಂತ."

"ನಿಮ್ಮ ಅವ್ವಗ ಹೇಳು, ನನಗೂ ನಾಲಿಗಿ ಐತಿ ಅಂತ."

"ನಾ ಏನ ಪೋಸ್ಟ್‌ಮನ್ ಏನು?" ಎಂದು ಪೂನಮ ತಾಟು ತೆಗೆದುಕೊಂಡು ಹಿತ್ತಲಿಗೆ ಹೋದಳು.

ಅಮಾವಾಸ್ಯೆ ಬಂತು. ಪ್ರತಿ ಅಮಾವಾಸ್ಯೆಗೆ ಸಾಧ್ಯವಾದರೆ ಸ್ತವನಿಧಿಯ ಬಸದಿಗೆ ಹೋಗಿ ಕಾಯಿ ಒಡೆಸಿ ಬರುವುದು ಆ ಮನೆಯ ರೂಢಿ. ಭಾವುಸಾಹೇಬ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದು ಸ್ಟೇರಿಂಗಿಗೆ ಕೂತ.

"ಇವತ್ತ ನಾ ಹೊಡಿತೀನಿ. ನೋಡ್ರಿ, ಗಂಡಸರ ಕೈಯಾಗ ಗಾಡಿ ಹೆಂಗ ಹೋಗತೈತಿ."

ನಿಪ್ಪಾಣಿಯ ತನಕ ಸಪಾಟು ರಸ್ತೆ. ಕಾರು ಹೋಯಿತು, ಪಕ್ಕದಲ್ಲಿ ಪಾರಿಸನನ್ನು ಕೂಡಿಸಿಕೊಂಡ ಮುದುಕ ಮೀಸೆ ತೀಡಿದ. ಹಿಂದೆ ಅತ್ತೆ ಮತ್ತು ಮಗಳ ನಡುವೆ ಇರುಕಿಕೊಂಡಿದ್ದ ಕುಸುಮ ಹಲ್ಲು ಕಚ್ಚಿ ಕಿಟಕಿ ನೋಡುತ್ತಿದ್ದಳು. ತವಂದಿ ಘಾಟಿನ ಏರು ಸುರುವಾದ ಮೇಲೆ ಎಂಜಿನ್ ಒದರಿತು. ಎರಡನೇ ಗೇರು, ಒದರಿತು. ಮೊದಲನೇ ಗೇರು, ಇನ್ನೂ ಒದರಿತು. ಕಾರು ಇರುವೆಯಂತೆ ಸರಿದು, ಆಮೇಲೆ ಅದೂ ನಿಂತಿತು. ಹಿಂದೆ ಲಾರಿಗಳು ಹಾರ್ನ್ ಹೊಡೆದವು. ಒಬ್ಬ ಡ್ರೈವರ್ ಮರಾಠಿಯಲ್ಲಿ ಭಾವುಸಾಹೇಬನ ಟೊಪ್ಪಿಗೆಯ ಬಗ್ಗೆ ಏನೋ ಅಂದು ಪಕ್ಕದಿಂದ ದಾಟಿದ. ಕಾರಿನ ತುಂಬ ಸುಟ್ಟ ವಾಸನೆ.

"ಅಜ್ಜಾ," ಪೂನಮ ಮೆಲ್ಲಗೆ ಅಂದಳು, "ಕಾಲ ತಗೀರಿ ಕ್ಲಚ್ ಮ್ಯಾಲಿಂದ."

"ನನ್ನ ಕಾಲ ಅಲ್ಲಿಲ್ಲಲೇ!"

ಹೇಳಿದ ಮೇಲೆ ಏನು ಹೇಳಿದೆ ಎಂದು ಅವನಿಗೇ ಕೇಳಿಸಿರಬೇಕು. ಕೆಳಗಿಳಿದು ಬಾಗಿಲು ಬಡಿದ. ಕಾರನ್ನು ಬದಿಗೆ ನೂಕಿ, ಗಾಲಿಗೆ ಕಲ್ಲಿಟ್ಟು ಎಲ್ಲರೂ ನಿಂತರು.

"ಪಾನಾ ಕೊಡ್ರಿ," ಕುಸುಮ ಅಂದಳು.

"ಮುಟ್ಟಬ್ಯಾಡ. ಜ್ಞಾನದೇವಗ ಫೋನ್ ಮಾಡತೀನಿ."

ಆಗ ಎದ್ದವಳು ಗಂಗೂಬಾಯಿ. ರಸ್ತೆಯ ಬದಿಯ ಕಲ್ಲಿನ ಮೇಲೆ ಮಂಡಿ ಹಿಡಿದು ಕೂತಿದ್ದವಳು ಎದ್ದು ಬಂದು ಗಂಡನ ಎದುರು ನಿಂತಳು.

"ಜ್ಞಾನದೇವ ಸದಲಗಾದಿಂದ ಬರೂತನಕ ನಾ ಈ ಬಿಸಲಾಗ ಒಣಗಲೇನ್ರಿ? ನಾ ಏನ ಸಂಡಗಿ ಏನು? ಕೊಡ್ರಿ ಅದನ್ನ."

"ನಿನಗೇನ ತಿಳಿತೈತಿ ಇದರಾಗ?"

"ಗಾಡಿ ಮ್ಯಾಲ ಹೋಗವಲ್ತು ಅನ್ನೂದ ತಿಳಿತೈತಿ. ಅಷ್ಟ ಸಾಕು." ಅವನ ಕಿಸೆಗೆ ತಾನೇ ಕೈ ಹಾಕಿ ಪಾನಾ ತೆಗೆದು ಸೊಸೆಯ ಕೈಗಿಟ್ಟಳು. "ಏನ ಮಾಡತಿ ಮಾಡು. ಆದ್ರ ಲಗೂನ ಮಾಡು."

ಕುಸುಮ ನಟ್ಟನ್ನು ಸಡಿಲಿಸಿದಳು. ಪಾರಿಸ ಒಳಗೆ ಕೂತು ಪೆಡಲನ್ನು ಕೈಯಿಂದ ಒತ್ತಿ ಹೇಳುತ್ತ ಹೋದ.

"ಇನ್ನೂ ಬಿಗಿ... ಇನ್ನೂ... ಹಾಂ, ಈಗ ಒಂದ ಬೆರಳ ಖಾಲಿ ಹೋಗಾಕತ್ತೈತಿ... ಈಗ ಎರಡ ಬೆರಳ."

"ಗೇರ್ ಬೀಳತಾವೇನ ನೋಡ್ರಿ. ಬಹಳ ಸಡ್ಲ ಆದ್ರ ಗೇರ್ ಬೀಳಂಗಿಲ್ಲ."

ಗೇರುಗಳು ಬಿದ್ದವು. ಈ ಪ್ಲೇಟು ಇನ್ನೂ ಪೂರ್ತಿ ಸುಟ್ಟಿರಲಿಲ್ಲ, ಅದು ಆರುವ ತನಕ ಕಾದರು. ಬಳಿಕ ಕುಸುಮ ಸ್ಟೇರಿಂಗಿಗೆ ಕೂತಳು. ಕಲ್ಲು ತೆಗೆದ ಕೂಡಲೇ ಕಾರು ಮುಂದೆ ಎಗರಿತು.

"ಕುಂದರ್ರಿ ಮಾಮಾ," ಅಂದಳು. ದನಿಯಲ್ಲಿ ಮರ್ಯಾದೆ ಇತ್ತು, ಮೆತ್ತಗೇನೂ ಇರಲಿಲ್ಲ.

"ಆರಿದ ಮ್ಯಾಲ ಯಾವ ಗಾಡಿನೂ ಏರತೈತಿ," ಎಂದ ಭಾವುಸಾಹೇಬ. "ನಾ ನಡಕೋತ ಬರತೀನಿ."

"ನಡೀಲಿ ಬಿಡು," ಎಂದಳು ಗಂಗೂಬಾಯಿ ಒಳಗಿನಿಂದ. "ಪುಣ್ಯೇನರ ಬರತೈತಿ."

ಪಾರಿಸ ಇಳಿದು ಅಪ್ಪನ ಜೊತೆ ನಡೆದ. ಇಳಿಯುವ ಮೊದಲು ಹೆಂಡತಿಯ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ.

"ಈಗ ಬ್ಯಾಡ್ರಿ," ಎಂದಳು ಕುಸುಮ. "ಅವತ್ತ ಹೇಳಬೇಕಿತ್ತು."

ಮುದುಕ ಬೆವರು ಸುರಿಸಿಕೊಂಡು ಬಸದಿ ಮುಟ್ಟಿದ, ಕಾಯಿ ಒಡೆಸಿದ, ಬಸ್ಸಿನಲ್ಲಿ ಊರಿಗೆ ಬಂದ. ಚಾವಿಯನ್ನು ಕುಸುಮ ತಿರುಗಿ ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಆದರೆ ಓಣಿಗೆ ಇದಾವುದೂ ಗೊತ್ತಿರಲಿಲ್ಲ. ಮರುದಿನ ಮುಂಜಾನೆ ಕಾರಿನ ಹಿಂಬಾಗಿಲು ತೆರೆದಿಟ್ಟಿದ್ದನ್ನು ನೋಡಿ ಸುಗಂಧಾ, "ವೈನಿ, ಮತ್ತ ನೀವ ಹೊಡಿತೀರಿ? ಕಾಲ ಹೊಸಾದ ಹಾಕಿಸಿದ್ರೇನು?" ಎಂದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಕುಸುಮ ಕಟ್ಟೆಯ ಕಡೆ ತಿರುಗಿದಳು. ಭಾವುಸಾಹೇಬ ಅಲ್ಲಿ ಕೂತು ಜ್ಞಾನದೇವನಿಗೆ ಫೋನಿನಲ್ಲಿ ಬೈಯುತ್ತಿದ್ದ. ಕಿವಿ ಮಂದವಾದ್ದರಿಂದ ಅವನ ಫೋನು ಯಾವಾಗಲೂ ಊರಿಗೇ ಕೇಳುವಂತೆ ಇರುತ್ತಿತ್ತು.

"ಮೆಕ್ಯಾನಿಕ್ ಅಂತ ಬೋರ್ಡ್ ಯಾಕ ಹಾಕೀದಿಲೇ? ನನ್ನ ಸೊಸಿ ಕಾಲಿಂದ ತಪ್ಪಂತ ಹೆಸರಿಟ್ಟೆಲ್ಲಾ, ವಾಯರ್ ನೋಡಿದ್ದೇನು?"

"ನೋಡಿದ್ನಿ ಕಾಕಾ," ಎಂದಿತು ಫೋನು. "ಮೊದಲಿನ ಪ್ಲೇಟ್ ಬಿಚ್ಚೂ ಮುಂದನ ವಾಯರ್ ಭಾಳ ಬಿಗಿ ಇತ್ರಿ. ನೀವ ಮಾಡಿದ್ದ ಅಂತ ಗೊತ್ತಾಗಿತ್ತು. ದೊಡ್ಡವರಿಗೆ ಹೆಂಗ ಹೇಳೂದಂತ..."

ಬಡಿಯುತ್ತಿದ್ದ ರೊಟ್ಟಿಯ ಸಪ್ಪಳ ನಿಂತಿತು. ಕುಸುಮ ಬಂದು ಫೋನಿನ ಹತ್ತಿರ ಬಗ್ಗಿದಳು.

"ದೊಡ್ಡವರಿಗೆ ಹೇಳಾಕ ಬಾಯಿ ಇರಲಿಲ್ಲ, ನನಗ ಅನ್ನಾಕ ಇತ್ತೇನು, ಜ್ಞಾನದೇವಣ್ಣಾ? ಇನ್ನ ಈ ಗಾಡಿ ನಿಮ್ಮ ಗ್ಯಾರೇಜಿಗೆ ಬರಂಗಿಲ್ಲ." ಆಮೇಲೆ ಮಾವನ ಮುಖ ನೋಡಿದಳು. "ಮೊದಲ ಹೆಸರಿಟ್ಟವರ ಯಾರ್ರಿ ಮಾಮಾ? ಅಂವನೋ ನೀವೋ?"

ಓಣಿಯ ಕಣ್ಣೆಲ್ಲ ಕಟ್ಟೆಯ ಮೇಲೆ. ಭಾವುಸಾಹೇಬನ ಕುತ್ತಿಗೆಯ ನರ ಉಬ್ಬಿತು. ಎದ್ದು ನಿಂತ.

"ಏನ ನೋಡತೀರಿ ಎಲ್ಲಾರೂ? ಹೌದು, ನಾನ ಬಿಗಿ ಮಾಡೀನಿ! ನಾನ ಸುಟ್ಟೀನಿ! ಆಕಿ ಕಾಲಿಂದ ಏನೂ ತಪ್ಪಿಲ್ಲ! ಆತಿಲ್ಲೋ? ಈಗೇನ ನನ್ನ ಗಲ್ಲಿಗೆ ಹಾಕ್ತೀರೇನು?"

ಟೊಪ್ಪಿಗೆ ಕಿತ್ತು ಕಟ್ಟೆಗೆ ಬಡಿದು ಒಳಗೆ ಹೋದ. ಒಳಗೆ ಗಂಗೂಬಾಯಿ ಏನೋ ಅಂದಳು, ಅವಳ ಮೇಲೂ ಒದರಿದ.

"ಸುಗಂಧಾ, ಕೇಳಿಸ್ತಿಲ್ಲೋ?" ಎಂದಳು ಕುಸುಮ.

"ಕೇಳಿಸ್ತ್ರಿ ವೈನಿ. ದೂಧಗಂಗಾ ಹೊಳಿ ಆಚೀ ದಂಡಿಗೂ ಕೇಳಿಸಿರಬೇಕು."

ಕುಸುಮ ಈಗಲೂ ನಗಲಿಲ್ಲ.

"ಹಂಗಾದ್ರ ಡಬ್ಬಿ ಏರಸು. ನಿಪ್ಪಾಣ್ಯಾಗ ಆ ಕಾಕಾಸಾಹೇಬನ ಕೂಡ ಜಗಳ ಇನ್ನೂ ಬಾಕಿ ಐತಿ."